ಸ್ಕಾಟ್ಲೆಂಡಿನ ಬೆಟ್ಟದಲ್ಲಿ ನಾನು ಕೂತು ಉಂಡದ್ದು

ಕೈಯಲ್ಲಿ ಸೌಟು ಹಿಡಿದವರ ಬಾಳಿನಲ್ಲಿ ನಗೆಗೆ ಬರವಿಲ್ಲ. ಲಂಡನ್ನಿನ ಅಂಚಿನ ಫೆಲ್ಥಮ್‌ನಲ್ಲಿ ನನ್ನದೊಂದು ಅಡುಗೆಮನೆ ಇದೆ. ಏರ್‌ಪೋರ್ಟಿನಲ್ಲಿ ದುಡಿಯುವವರಿಗೆ ಊಟದ ಡಬ್ಬಿ ಕಟ್ಟಿಕೊಡುತ್ತೇನೆ. ಕುಂದಾಪುರದಿಂದ ಬಂದಾಗ ಇಂಗ್ಲಿಷಿನಲ್ಲಿ ನನ್ನ ಹೆಸರು ಬರೆಯಲೂ ಬರುತ್ತಿರಲಿಲ್ಲ. ಲೈಬ್ರರಿಯ ಪುಸ್ತಕ ತಂದು ನಾನೇ ಓದಲು ಕಲಿತೆ. ಯಾರೂ ಕಲಿಸಲಿಲ್ಲ, ಹಾಗಾಗಿ ಯಾರೂ ನನ್ನನ್ನು ತಿದ್ದಲಾರರು.

ನನ್ನ ಯಜಮಾನರು ಏರ್‌ಪೋರ್ಟಿನಲ್ಲಿ ಪ್ರಯಾಣಿಕರ ಪೆಟ್ಟಿಗೆ ಎತ್ತುವ ಕೆಲಸದಲ್ಲಿದ್ದು ನಿವೃತ್ತರಾದವರು. ಹೃದಯದ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಅವರು ಕೇಳಿದ್ದು ಒಂದೇ. ನಾನು ಅವರ ಪಕ್ಕದಲ್ಲಿ ಕೂತು, ನಡುವೆ ಏಳದೆ, ಒಂದು ಊಟ ಮುಗಿಸಬೇಕು. ಮದುವೆಯಾದಂದಿನಿಂದ ಅವರು ಉಣ್ಣುವಾಗ ನಾನು ನಿಂತಿರುತ್ತೇನೆ, ನಾನು ಉಣ್ಣುವಾಗ ಅವರು ಗೊರಕೆ ಹೊಡೆಯುತ್ತಿರುತ್ತಾರೆ. ಒಲೆ ಕಣ್ಣಿಗೆ ಬೀಳುವಲ್ಲಿ ಇದು ಆಗುವ ಮಾತಲ್ಲವೆಂದು ಮಗಳು ಸ್ಕಾಟ್ಲೆಂಡಿನ ಬೆಟ್ಟಗಳ ನಡುವೆ ಒಂದು ಗೆಸ್ಟ್‌ಹೌಸ್ ಗೊತ್ತುಮಾಡಿದಳು. ಅಲ್ಲಿ ಬೇಯಿಸುವುದು, ಬಡಿಸುವುದು ಎಲ್ಲ ಮನೆಯೊಡತಿಯೇ.

ಸೂಟ್‌ಕೇಸ್

ಬೇರೆಯವರ ಕೈಯಡುಗೆ ನಂಬಿ ಅಷ್ಟು ದೂರ ಹೋಗುವುದುಂಟೇ? ರೈಸ್ ಕುಕ್ಕರನ್ನು ಸ್ವೆಟರಿನೊಳಗೆ ಸುತ್ತಿ ಸೂಟ್‌ಕೇಸಿನ ತಳಕ್ಕಿಟ್ಟೆ. ಹೊರಡುವ ಬೆಳಿಗ್ಗೆ ಮಗಳು ಹುಡುಕಿ ತೆಗೆದಳು. ಯೂ ಪ್ರಾಮಿಸ್ಡ್ ಅಪ್ಪ, ಎಂದು ನಾನು ಅವರಿಗೆ ಕೊಟ್ಟ ಮಾತು ನೆನಪಿಸಿ ಬೈದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬೈಗುಳ ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ. ಆಯಿತಲ್ಲ ಎಂದು ನಾನು ಮುಚ್ಚಳ ಹಾಕಿದೆ.

ಯಜಮಾನರು ಸೂಟ್‌ಕೇಸನ್ನು ಒಮ್ಮೆ ಎತ್ತಿ, ಕೆಳಗಿಟ್ಟು, ಶಾಂತವಾಗಿ ಹೇಳಿದರು: "ಇನ್ನೊಂದು ಕುಕ್ಕರ್ ಇತ್ತ್, ಅದನ್ನೂ ತೆಗಿ."

ಅದೂ ಹೋಯಿತು. ಆದರೆ ನನ್ನ ಕೋಟಿನ ಜೇಬನ್ನು ಯಾರೂ ಎತ್ತಿ ನೋಡಲಿಲ್ಲ.

ಸಂಜೆಯ ಊಟ

ಸ್ಕಾಟ್ಲೆಂಡ್ ಬೇರೆಯಾಗಬೇಕೇ ಬೇಡವೇ ಎಂದು ಮತ ಹಾಕಿ ಮುಗಿದ ಶರತ್ಕಾಲ ಅದು. ಬೇಲಿಗಳ ಮೇಲೆ ಎರಡೂ ಕಡೆಯವರ ಬೋರ್ಡುಗಳು ಇನ್ನೂ ನೆನೆಯುತ್ತಿದ್ದವು. ಸೀಸನ್ ಮುಗಿದು ಗೆಸ್ಟ್‌ಹೌಸಿನಲ್ಲಿ ನಾವಿಬ್ಬರೇ. ಒಡತಿ ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಎತ್ತರದ ಹೆಂಗಸು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಮನೆ ನಡೆಸುತ್ತಿದ್ದರು. ನಾವು ಸಸ್ಯಾಹಾರಿಗಳೆಂದು ಬಾರ್ಲಿ, ಕ್ಯಾರೆಟ್ ಹಾಕಿದ ಸೂಪು ಮಾಡಿದ್ದರು.

ಯಜಮಾನರು ಮೊದಲ ಚಮಚ ಬಾಯಿಗಿಡುವಷ್ಟರಲ್ಲಿ ನಾನು ಎದ್ದಾಗಿತ್ತು. ನೀರಿನ ಜಗ್ಗು ಅರ್ಧವಾಗಿದ್ದರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಅಡುಗೆಮನೆಯ ಬಾಗಿಲಲ್ಲೇ ಒಡತಿ ಜಗ್ಗು ಕಿತ್ತುಕೊಂಡರು. ಈ ಬಾಗಿಲು ದಾಟಿ ಅತಿಥಿಗಳು ಬರುವಂತಿಲ್ಲ, ಹೋಗಿ ಕೂತುಕೊಳ್ಳಿ, ಎಂದರು. ಆಮೇಲೆ ಮೇಜಿನ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಯಾರ ಬಟ್ಟಲು ಎಷ್ಟು ಖಾಲಿಯಾಯಿತೆಂದು ನೋಡತೊಡಗಿದರು.

ಯಜಮಾನರು ಅವರನ್ನು ನೋಡಿದರು, ನನ್ನನ್ನು ನೋಡಿದರು. "ನಿನ್ನನ್ನ ಕೂರಿಸುಕೆ ಇಷ್ಟು ದೂರ ಬಂದ್ರೆ, ಇಲ್ಲೂ ನಿನ್ನಂಥವಳೇ ಒಬ್ಬಳು ನಿಂತಿದ್ಲ್ ಮಾರಾಯ್ತಿ."

ಗಂಜಿ

ಬೆಳಿಗ್ಗೆ ಓಟ್ಸ್ ಗಂಜಿ ಬಂತು. ಈ ಕಡೆಯ ಹಳಬರು ಅದನ್ನು ಉಪ್ಪು ಹಾಕಿ ಉಣ್ಣುತ್ತಾರೆಂದು ನಾನು ಓದಿಕೊಂಡಿದ್ದೆ. ಸಕ್ಕರೆ ಬೇಡ, ಉಪ್ಪು ಕೊಡಿ ಎಂದೆ. ಒಡತಿಯ ಮುಖ ಅರಳಿತು. ನಾನು ಕೋಟಿನ ಜೇಬಿನಿಂದ ಮಾವಿನಮಿಡಿ ಉಪ್ಪಿನಕಾಯಿ ತೆಗೆದೆ. ಯಜಮಾನರ ಮುಖವೂ ಅರಳಿತು. ಉಪ್ಪು ಗಂಜಿ, ಮಿಡಿ ಉಪ್ಪಿನಕಾಯಿ, ಕಿಟಕಿಯಾಚೆ ಮಂಜು ಹೊದ್ದ ಬೆಟ್ಟ. ಇನ್ನೇನು ಬೇಕು?

ಬೇಡವಾದದ್ದೂ ಬಂತು. ನಮ್ಮ ಕಡೆ ಎಲೆಯಲ್ಲಿ ಅನ್ನ ಬಿಟ್ಟರೆ ಬಡಿಸಿದವರಿಗೆ ಅವಮಾನ. ಒಡತಿಯ ಲೆಕ್ಕದಲ್ಲಿ ಬಟ್ಟಲು ಖಾಲಿಯಾದರೆ ಅತಿಥಿಗೆ ಇನ್ನೂ ಹಸಿವು. ನಾನು ಉಂಡೆ, ಅವರು ಸುರಿದರು. ಸಾಕು ಎಂದೆ. ಸಾಕೆಂದವರಿಗೆ ನಾನು ಎಂದಾದರೂ ಬಡಿಸದೆ ಬಿಟ್ಟಿದ್ದೇನೆಯೇ? ಅವರೂ ಬಿಡಲಿಲ್ಲ. ಊಟ ಮುಗಿಯಿತೆಂದು ತಿಳಿಸಲು ಊರಲ್ಲಾದರೆ ಎಲೆ ಮಡಚಬಹುದು. ಪಿಂಗಾಣಿ ಬಟ್ಟಲನ್ನು ಹೇಗೆ ಮಡಚುವುದು? ಒಂದಿಷ್ಟು ಬಿಟ್ಟುಬಿಡು ಎಂದರು ಯಜಮಾನರು. ಬಿಡುವವಳು ನಾನಲ್ಲ. ಒಡತಿ ಒಳಗೆ ಹೋದದ್ದೇ ಖಾಲಿ ಬಟ್ಟಲನ್ನು ಶಾಲಿನೊಳಗೆ ಮುಚ್ಚಿಕೊಂಡು ಕೋಣೆಗೆ ಓಡಿದೆ.

ಯಜಮಾನರು ಮತ್ತೆ ಒಬ್ಬರೇ ಉಳಿದರು. ಸೌಟು ಹಿಡಿದು ಬಂದ ಒಡತಿ, ನಾನೂ ಇಲ್ಲ, ಬಟ್ಟಲೂ ಇಲ್ಲ ಎಂದು ನೋಡಿ, ನನ್ನ ಪಾಲನ್ನೂ ಅವರಿಗೇ ಸುರಿದರಂತೆ.

ಗಂಟೆ

ಕೊನೆಯ ದಿನದವರೆಗೂ ಹೀಗೇ. ಒಂದಲ್ಲ ಒಂದಕ್ಕೆ ನಾನು ಏಳುತ್ತಿದ್ದೆ. ಯಜಮಾನರು ಈಗ ಕೇಳುವುದನ್ನೂ ಬಿಟ್ಟಿದ್ದರು. ಅದು ನನಗೆ ಹೆಚ್ಚು ಚುಚ್ಚಿತು.

ಆ ದಿನ ಒಡತಿಗೆ ನೆಗಡಿ. ಮೂಗು ಕಟ್ಟಿ, ದನಿ ಬಿದ್ದುಹೋಗಿತ್ತು. ಕಾಳುಮೆಣಸಿನ ಸಾರು ಕುಡಿಸುತ್ತೇನೆ ಎಂದೆ. ಅಡುಗೆಮನೆಗೆ ಯಾರನ್ನೂ ಬಿಡುವುದಿಲ್ಲ ಎಂದರು. ಸೀನುತ್ತ ಹಟ ಮಾಡುವವರನ್ನು ಗೆಲ್ಲುವುದು ಕಷ್ಟವಲ್ಲ. ಅನ್ನ ಮಾಡಿದೆ, ಸಾರು ಕುದಿಸಿದೆ, ಎಣ್ಣೆ ಕಾಯಿಸಿ ಜೇಬಿನಲ್ಲಿದ್ದ ಸಾಸಿವೆ, ಒಣಮೆಣಸು, ಕರಿಬೇವು ಹಾಕಿದೆ.

ಚಟಪಟ ಎಂದಿತು. ಒಡತಿಯ ಮೂಗು ತೆರೆಯಿತು. ಮನೆಯ ಫೈರ್ ಅಲಾರ್ಮಿನ ಬಾಯಿಯೂ ತೆರೆಯಿತು.

ಬೆಂಕಿ ಇಲ್ಲ, ಒಗ್ಗರಣೆ ಅಷ್ಟೇ ಎಂದು ಎಷ್ಟು ಹೇಳಿದರೂ ಒಡತಿ ಕೇಳಲಿಲ್ಲ. ಗಂಟೆ ಹೊಡೆದರೆ ಎಲ್ಲರೂ ಹೊರಗೆ, ಫೈರ್ ಎಂಜಿನ್ ಬಂದು ನೋಡುವವರೆಗೆ ಯಾರೂ ಒಳಗೆ ಕಾಲಿಡುವಂತಿಲ್ಲ. ಅದು ಆ ಮನೆಯ ಕಾಯಿದೆ. ಒಲೆ ಆರಿಸಿ, ಸಾರಿನ ಪಾತ್ರೆ ನಾನು ಹಿಡಿದೆ, ಅನ್ನದ ಪಾತ್ರೆ ಅವರು, ಬಟ್ಟಲು ಚಮಚ ಯಜಮಾನರು. ಅಂಗಳದ ಕಲ್ಲುಗೋಡೆಯ ಮೇಲೆ ಮೂವರೂ ಸಾಲಾಗಿ ಕೂತೆವು.

ಯಜಮಾನರೇ ಬಡಿಸಿದರು. ಒಂದು ತುತ್ತು ಉಂಡೆ. ನೀರು ತರಬೇಕೆನಿಸಿತು, ಬಾಗಿಲು ಮುಚ್ಚಿತ್ತು. ಹಪ್ಪಳ ಇದ್ದಿದ್ದರೆ ಎನಿಸಿತು, ಒಲೆ ಒಳಗಿತ್ತು. ಎದ್ದು ಹೋಗಲು ಜಾಗವೇ ಇರಲಿಲ್ಲ. ತುಂತುರಿನಲ್ಲಿ, ಅವರ ಭುಜಕ್ಕೆ ಭುಜ ತಾಗಿಸಿ, ಬಟ್ಟಲಿನ ತಳ ಕಾಣುವವರೆಗೆ ಉಂಡೆ. ಸಾರಿಗೆ ಉಪ್ಪು ಸ್ವಲ್ಪ ಕಡಿಮೆಯಾಗಿತ್ತು. ಅವರೂ ಬಟ್ಟಲು ಬಳಿದು ಉಂಡರು.

ಅಷ್ಟರಲ್ಲಿ ಫೈರ್ ಎಂಜಿನ್ ಬಂತು. ಅಲ್ಲಿ ಬೆಂಕಿ ಆರಿಸಲು ಓಡುವವರೂ ಊರವರೇ; ಇಳಿದವರಲ್ಲಿ ಒಬ್ಬ, ಬೆಳಿಗ್ಗೆ ಮೊಟ್ಟೆ ತಂದುಕೊಟ್ಟವನೇ. ಬಂದವರಿಗೆ ಬಡಿಸದಿರುವುದು ಹೇಗೆ? ನಾನು ಎದ್ದೆ. ಯಜಮಾನರು ಕೋಟಿನ ತುದಿ ಹಿಡಿದೆಳೆದರು.

"ಕೂಕೊ. ಅವರು ಬೆಂಕಿ ಆರಿಸುಕೆ ಬಂದದ್ದು, ಉಣ್ಣುಕಲ್ಲ."

ಕೂತೆ. ಆದರೆ ಒಡತಿ ಎದ್ದಾಗಿತ್ತು. ಹೆಲ್ಮೆಟ್ ಹಾಕಿದ ಆ ಗಂಡಸರು ಸಾಕು ಸಾಕು ಎನ್ನುತ್ತಿದ್ದರೂ ಅವರಿಗೆ ನನ್ನ ಸಾರನ್ನು ಎರಡೆರಡು ಸಲ ಸುರಿದರು.

ಆ ಒಂದು ಊಟದಿಂದ ಯಜಮಾನರ ಆಸೆ ತೀರಿತೆಂದು ನಾನು ತಿಳಿದಿದ್ದೆ. ಈಗ ಫೆಲ್ಥಮ್‌ನಲ್ಲಿ ಮಧ್ಯಾಹ್ನ ಅವರು ತಟ್ಟೆಯ ಮುಂದೆ ಕೂತು ಒಮ್ಮೆ ಕರೆಯುತ್ತಾರೆ. ಬಂದೆ ಬಂದೆ ಎಂದು ನಾನು ಒಲೆಯ ಮುಂದೆಯೇ ನಿಂತರೆ, ಎದ್ದು ಪೊರಕೆಯ ಹಿಡಿಯಿಂದ ಸೀಲಿಂಗಿನಲ್ಲಿರುವ ಫೈರ್ ಅಲಾರ್ಮಿನ ಗುಂಡಿ ಒತ್ತಿ ಗಂಟೆ ಹೊಡೆಸುತ್ತಾರೆ.