ಇಡೀ ಆಫೀಸಿಗೆ ಒಂದೇ ಬ್ಯಾಗು

ಎಲ್ಲ ರಗಳೆಗೂ ಮೂಲ ಸೂಪರಿಂಟೆಂಡೆಂಟರು ಕರೆದ ಮೀಟಿಂಗು. ಭಾನುವಾರ ಆಫೀಸಿನವರೆಲ್ಲ ಸೇರಿ ಊರಾಚೆಯ ಹಳೇ ಗೋಪುರಕ್ಕೆ ಹೋಗುವುದೆಂದು ನಿಗದಿಯಾಗಿತ್ತು. ಸೋಮವಾರದಿಂದ ಅದರ ಮೆಟ್ಟಿಲು ಹತ್ತಲು ಯಾರನ್ನೂ ಬಿಡುವುದಿಲ್ಲವಂತೆ, ಇನ್ನೇನಿದ್ದರೂ ಕೆಳಗೆ ನಿಂತು ಕತ್ತೆತ್ತಿ ನೋಡಿ ಬರಬೇಕಂತೆ. ಅಲ್ಲಿ ಬ್ಯಾಗು ತಪಾಸಣೆ ಬೇರೆ ಇದೆ. ಹಾಗಾದರೆ ಎಂಥ ಬ್ಯಾಗು ಒಯ್ಯಬೇಕು? ಈ ಪ್ರಶ್ನೆಯ ಮೇಲೆ ಇಡೀ ಮಧ್ಯಾಹ್ನ ಚರ್ಚೆ ನಡೆಯಿತು.

ಆ ಆಫೀಸಿನಲ್ಲಿ ಕಾಗದಗಳನ್ನು ಬಿಡಿಬಿಡಿಯಾಗಿ ಕಳಿಸುವ ಪದ್ಧತಿಯಿಲ್ಲ. ಎಲ್ಲವನ್ನೂ ಒಂದೇ ಕಟ್ಟು ಕಟ್ಟಿ ಕಳಿಸುವುದು. ಸೂಪರಿಂಟೆಂಡೆಂಟರು ಅದನ್ನೇ ಇಲ್ಲಿಗೂ ಅನ್ವಯಿಸಿದರು.

"ಎಲ್ಲರ ಸಾಮಾನೂ ಒಂದೇ ಬ್ಯಾಗಲ್ಲಿರ್ಲಿ. ಒಂದು ಬ್ಯಾಗು, ಒಂದು ತಪಾಸಣೆ. ಟೈಮ್ ಉಳಿಯುತ್ತೆ. ಕಟ್ಟು ಸಾಗ್ಸೋದು ಡಿಸ್ಪ್ಯಾಚ್‌ನೋರ ಕೆಲಸ ತಾನೇ?"

ಎಲ್ಲರೂ ಡಿಸ್ಪ್ಯಾಚ್ ಗುಮಾಸ್ತರ ಕಡೆ ತಿರುಗಿದರು. ಪಾಪ, ಕೆಲಸಕ್ಕೆ ಸೇರಿದಾಗಿನಿಂದ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಲಕೋಟೆಗೆ ಅಂಟು ಹಚ್ಚಿದ ಮನುಷ್ಯ. ಗೋಪುರದ ತುದಿಯಿಂದ ಸಮುದ್ರ ಕಾಣುತ್ತದೆ ಎಂದು ಯಾರೋ ಹೇಳಿದ್ದು ಅವರ ಮನಸ್ಸಿನಲ್ಲಿ ಬೇರೂರಿತ್ತು. ನಿವೃತ್ತಿಯಾಗುವ ಮೊದಲು ಒಮ್ಮೆ ಅಷ್ಟು ದೂರ ಕಣ್ಣು ಹಾಯಿಸಬೇಕು, ಅಷ್ಟೇ ಆಸೆ. ಅದಕ್ಕೆ ಬ್ಯಾಗಿಗೂ ಹೂಂ ಅಂದುಬಿಟ್ಟರು.

ಭಾನುವಾರ ಬೆಳಿಗ್ಗೆ ಅಟ್ಟದಿಂದ ಇಳಿಸಿದ ಬ್ಯಾಗನ್ನು ನೋಡಿ ಹೆಂಡತಿ ಬಾಗಿಲಲ್ಲೇ ನಿಂತರು. "ಇದೇನ್ರೀ, ಮನೆ ಖಾಲಿ ಮಾಡ್ತಿದೀರಾ? ಅಂಥ ಕಡೆಗೆಲ್ಲ ಒಂದು ಸಣ್ಣ ಕೈಚೀಲ ಸಾಕು ಕಣ್ರೀ."

"ಮೀಟಿಂಗಲ್ಲಿ ತೀರ್ಮಾನ ಆಗಿಹೋಗಿದೆ ಕಣೇ," ಎಂದು ಅವರು ನಿಟ್ಟುಸಿರುಬಿಟ್ಟರು.

ವ್ಯಾನಿನಲ್ಲಿ ಎಲ್ಲರೂ ಧಾರಾಳಿಗಳಾದರು. ಸೂಪರಿಂಟೆಂಡೆಂಟರ ದಿಂಬು ಒಳಗೆ ಹೋಯಿತು, ಟೈಪಿಸ್ಟ್ ಮೇಡಮ್ಮಿನ ಹೆಣಿಗೆ ಕಡ್ಡಿ ಮತ್ತು ಬಾಚಣಿಗೆ ಹೋದವು, ಕ್ಯಾಷಿಯರರ ಮಡಿಸುವ ಕುರ್ಚಿ ಅರ್ಧ ಹೋಗಿ ಅರ್ಧ ಹೊರಗೆ ನಿಂತಿತು. ಹೊಟ್ಟೆ ಬಿರಿಯುವಂತೆ ಉಂಡವನ ಅಂಗಿ ಗುಂಡಿಯ ಹಾಗೆ ಜಿಪ್ಪು ಬಿಗಿದು ಜಗ್ಗುತ್ತಿತ್ತು.

ಗೇಟಿನಲ್ಲಿ ಬರಿಗೈಯವರನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ. "ಬೇಗ ಬನ್ರೀ ಡಿಸ್ಪ್ಯಾಚ್, ಮೇಲೆ ಕಾಯ್ತಿರ್ತೀವಿ," ಎಂದು ಎಲ್ಲರೂ ಕೈಬೀಸಿಕೊಂಡು ಒಳಗೆ ನಡೆದರು. ಗುಮಾಸ್ತರು ಮತ್ತು ಬ್ಯಾಗು ಉಳಿದರು.

"ಇದು ಮಿಷಿನ್ ಬಾಯಲ್ಲಿ ಹಿಡ್ಸಲ್ಲ ಯಜಮಾನ್ರೇ. ಬಿಚ್ಚಿ," ಎಂದ ಕಾವಲುಗಾರ. ಮೊದಲು ಕೈಗೆ ಸಿಕ್ಕಿದ್ದೇ ಹೆಣಿಗೆ ಕಡ್ಡಿ. "ಇದ್ಯಾರದು?"

ಮೇಡಮ್ಮಿನದು ಎಂದರೆ ಅವರನ್ನು ಕೆಳಗೆ ಕರೆಸುತ್ತಾರೆ, ಆಮೇಲೆ ಆಫೀಸಿನಲ್ಲಿ ಬಾಳುವೆ ಇಲ್ಲ. "ನಂದೇ," ಎಂದರು ಗುಮಾಸ್ತರು. "ಮೊಮ್ಮಗನಿಗೆ ಸ್ವೆಟರು."

"ಈ ಗುಲಾಬಿ ಬಾಚಣಿಗೆ?"

ಗುಮಾಸ್ತರು ಬೋಳುತಲೆ ಸವರಿಕೊಂಡರು. "ಅದೂ ನಂದೇ."

ಕಾವಲುಗಾರ ಅವರನ್ನು ಮೇಲಿಂದ ಕೆಳಗೆ ನೋಡಿದ. "ಇಷ್ಟು ದೊಡ್ಡ ಬ್ಯಾಗ್ ಬಿಡಲ್ಲ. ಆ ಕಡೆ ಸಾಮಾನು ಇಡೋ ಕೋಣೆ ಇದೆ, ಅಲ್ಲಿ ಕೊಡಿ."

ಸಾಮಾನಿನ ಕೋಣೆಯವಳು ತಲೆಯನ್ನೂ ಎತ್ತಲಿಲ್ಲ. "ಚೂಪಾದ್ದು ಇಟ್ಕೊಳ್ಳಲ್ಲ. ಅದನ್ನ ಗೇಟಲ್ಲಿ ಕೊಟ್ಟು ಬನ್ನಿ."

ಗೇಟಿನವನು, "ನಾವ್ಯಾಕೆ ಇಟ್ಕೊಳ್ಳೋಣ? ಕೋಣೆಲೇ ಕೊಡಿ," ಎಂದ. ವ್ಯಾನಿನಲ್ಲಿಡೋಣವೆಂದರೆ ಡ್ರೈವರು ಬೀಗ ಹಾಕಿಕೊಂಡು ಎಲ್ಲಿಗೋ ಹೋಗಿದ್ದ. ಬಿಸಿಲಿನಲ್ಲಿ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ತಿರುಗಿ ಗುಮಾಸ್ತರೇ ಒಂದು ಫೈಲಾಗಿಬಿಟ್ಟರು.

ಅಷ್ಟರಲ್ಲಿ ಫೋನು ಬಂತು. ಟೈಪಿಸ್ಟ್ ಮೇಡಮ್ಮು. "ಅಯ್ಯೋ, ಸಮುದ್ರ ಎಷ್ಟು ಚೆನ್ನಾಗ್ ಕಾಣ್ತಿದೆ ಗೊತ್ತಾ! ನೀವಿನ್ನೂ ಕೆಳಗೇ ಇದೀರಾ? ಗಾಳಿಗೆ ಕೂದಲೆಲ್ಲ ಕೆದರಿಹೋಯ್ತು, ಬರ್ತಾ ನನ್ನ ಬಾಚಣಿಗೆ ತನ್ನಿ."

ಗುಮಾಸ್ತರಿಗೆ ರೋಸಿಹೋಯಿತು. ಸಿಟ್ಟು ಮಾಡಿ ಅಭ್ಯಾಸವಿಲ್ಲದ ಜೀವ, ಆದ್ದರಿಂದ ಅದು ಸಿಟ್ಟೆಂದು ಅವರಿಗೇ ತಿಳಿಯಲಿಲ್ಲ. ಸುತ್ತ ನೋಡಿದರು. ಹೂದೋಟದ ಬೇಲಿಪೊದೆಯ ಹಿಂದೆ ಬ್ಯಾಗನ್ನು ತಳ್ಳಿ, ಅಂಗೈ ಒರೆಸಿಕೊಂಡು ಗೇಟಿಗೆ ನಡೆದರು.

"ಈಗ ಸರಿಯಾಯ್ತು ನೋಡಿ," ಎಂದು ಕಾವಲುಗಾರ ದಾರಿಬಿಟ್ಟ.

ಮೆಟ್ಟಿಲು ಕಡಿದಾಗಿತ್ತು. ಮಂಡಿ ಹಿಡಿದುಕೊಂಡಿತು, ಏದುಸಿರು ಬಂತು. ಆದರೂ ಗುಮಾಸ್ತರಿಗೆ ಖುಷಿಯೋ ಖುಷಿ. ಬರಿಗೈಯಲ್ಲಿ ನಡೆಯುವುದು ಇಷ್ಟು ಸುಖವೆಂದು ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಕೊನೆಯ ತಿರುವು ಬಂತು. ಮೇಲಿನಿಂದ ಬೆಳಕು ಇಳಿಯಿತು, ಉಪ್ಪುಗಾಳಿ ಮುಖಕ್ಕೆ ಬಡಿಯಿತು. ಇನ್ನೇನು ಸಮುದ್ರ ಕಾಣಬೇಕು.

ಆಗ ಸೈರನ್ ಕೂಗಿತು, ಹಿಂದೆಯೇ ಮೈಕಿನಲ್ಲಿ ದನಿ ಬಂತು: "ವಾರಸುದಾರರಿಲ್ಲದ ಬ್ಯಾಗೊಂದು ಪತ್ತೆಯಾಗಿದೆ. ಎಲ್ಲರೂ ಕೂಡಲೇ ಕೆಳಗಿಳಿಯಿರಿ!"

ಮೇಲಿದ್ದ ಜನವೆಲ್ಲ ಒಮ್ಮೆಲೇ ಮೆಟ್ಟಿಲಿಗೆ ನುಗ್ಗಿತು. "ಒಂದೇ ಒಂದ್ಸಲ ನೋಡ್ಕೊಂಡ್ ಬರ್ತೀನ್ರೀ," ಎಂದು ಗುಮಾಸ್ತರು ಗೋಡೆ ಹಿಡಿದುಕೊಂಡು ಬೇಡಿದರು.

"ಜೀವಕ್ಕಿಂತ ಸಮುದ್ರ ಹೆಚ್ಚೇನ್ರೀ? ಇಳೀರಿ!" ಎಂದು ಯಾರೋ ದಬ್ಬಿದರು. ಹತ್ತಿದ್ದಕ್ಕಿಂತ ಬೇಗ ಅವರು ಅಂಗಳದಲ್ಲಿದ್ದರು. ಬೆನ್ನ ಹಿಂದೆ ಗೋಪುರದ ಬಾಗಿಲಿಗೆ ಬೀಗ ಬಿತ್ತು. ಅವರಿಗೆ ಅಳುವೇ ಬಂತು.

ಅಂಗಳದ ನಡುವೆ ಗುಂಪು ಕಟ್ಟಿತ್ತು. ಕಾವಲುಗಾರರ ಅಧಿಕಾರಿ ಯಾರದೋ ಕೈಕುಲುಕುತ್ತಿದ್ದ, ಜನ ಚಪ್ಪಾಳೆ ತಟ್ಟುತ್ತಿದ್ದರು. ಗುಮಾಸ್ತರು ಕತ್ತು ಉದ್ದಮಾಡಿ ನೋಡಿದರೆ, ಎದೆಯುಬ್ಬಿಸಿ ನಿಂತಿದ್ದವರು ಸೂಪರಿಂಟೆಂಡೆಂಟರು.

"ಬಂದ್ರಾ ಡಿಸ್ಪ್ಯಾಚ್! ನೀವು ನೋಡ್ಬೇಕಿತ್ತು ಕಣ್ರೀ. ಮೇಲೆ ಎಲ್ಲರೂ ಸಮುದ್ರ ನೋಡ್ತಿದ್ರು, ನಾನೊಬ್ಬನೇ ಕೆಳಗೆ ನೋಡ್ದೆ. ಪೊದೆ ಹಿಂದೆ ಕಪ್ಪಗೆ ಏನೋ ಬಿದ್ದಿದೆ! ತಕ್ಷಣ ಮೇಲಿದ್ದ ಕಾವಲುಗಾರನಿಗೆ ತಿಳಿಸ್ದೆ. ಯಾವನೋ ಬೇಜವಾಬ್ದಾರಿ ಮನುಷ್ಯ ಬಿಟ್ಹೋಗಿದಾನೆ, ಅವನನ್ನ ಹಿಡಿಯೋವರೆಗೂ ಯಾರನ್ನೂ ಹೊರಗೆ ಬಿಡಲ್ವಂತೆ."

ಗುಮಾಸ್ತರು ಮೆಲ್ಲನೆ ಒಂದು ಹೆಜ್ಜೆ ಹಿಂದೆ ಸರಿದರು.

ಸೂಪರಿಂಟೆಂಡೆಂಟರು ಅವರ ಎರಡೂ ಕೈಗಳನ್ನು ನೋಡಿದರು, ಬೆನ್ನ ಹಿಂದೆ ಇಣುಕಿದರು. ಆಮೇಲೆ ಅಂಗಳಕ್ಕೆಲ್ಲ ಕೇಳುವಂತೆ ಕೇಳಿದರು:

"ಅದಿರ್ಲಿ, ನಮ್ಮ ಬ್ಯಾಗ್ ಎಲ್ರೀ?"