ಹತ್ತದವನ ಸೈಕಲ್ ಅಂಗಡಿ

ಧೈರ್ಯವಂತರ ಬಾಳಿನಲ್ಲಿ ನಗುವಂಥದ್ದು ವರ್ಷಕ್ಕೊಂದು ನಡೆದರೆ ಹೆಚ್ಚು. ನನ್ನಂಥ ಅಂಜುಬುರುಕನಿಗೆ ಮಾತ್ರ ವಾರಕ್ಕೊಂದು ತಪ್ಪುವುದಿಲ್ಲ. ಹದಿನೈದು ವರ್ಷ ನಾನು ಶಿಗ್ಗಾವಿಯ ಒಂದು ಸೈಕಲ್ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಹಾನಗಲ್ಲು, ಸವಣೂರು, ಹಿರೇಕೆರೂರು ಸೀಮೆಗೆಲ್ಲ ಸೈಕಲ್ ಮಾರಿದೆ. ಆ ಹದಿನೈದು ವರ್ಷವನ್ನೂ ಒಂದೇ ಹೆದರಿಕೆಯಲ್ಲಿ ಕಳೆದೆ. ನನಗೆ ಸೈಕಲ್ ಹೊಡೆಯಲು ಬರುವುದಿಲ್ಲ ಎಂಬುದು ಸಾವಕಾರರಿಗೆ ಗೊತ್ತಾದರೆ ಅಂದೇ ನನ್ನ ನೌಕರಿ ಹೋಗುತ್ತದೆ.

೧. ಒಂದೇ ಪ್ರಶ್ನೆ

ಸೈಕಲ್ಲನ್ನು ನಾನು ಮೊದಲು ಕಂಡದ್ದು ಚಿಕ್ಕವನಿದ್ದಾಗ, ನಮ್ಮ ಹಳ್ಳಿಗೆ ಮಕ್ಕಳಿಗೆ ದೇವಿ ಹಾಕಲು ಬರುತ್ತಿದ್ದ ಡಾಕ್ಟರರ ಕೆಳಗೆ. ಸಿಡುಬಿನ ಸೂಜಿಗೆ ಹೆದರಿ ಓಡುವುದು ನಮ್ಮ ಕೆಲಸ, ಬೆಲ್ಲು ಬಾರಿಸುತ್ತ ಬರುವುದು ಅವರ ಕೆಲಸ. ಒಮ್ಮೆ ತಿರುವಿನಲ್ಲಿ ಕೋಳಿಯೊಂದು ಅಡ್ಡ ಬಂತು. ಡಾಕ್ಟರರು ಬ್ರೇಕು ಹಿಡಿದರು. ಸೈಕಲ್ಲು ಅಲ್ಲೇ ನಿಂತಿತು, ಅವರು ಮಾತ್ರ ಮುಂದೆ ಹೋಗಿ ಡಬ್ಬಗಳ್ಳಿಯ ಬೇಲಿಯಲ್ಲಿ ಬಿದ್ದರು. ನಮ್ಮನ್ನು ಚುಚ್ಚಲು ಬಂದವರ ಮೈಯಿಂದ ಸಂಜೆಯವರೆಗೆ ಊರೆಲ್ಲ ಕೂಡಿ ಮುಳ್ಳು ಕಿತ್ತಿತು. ಅಂದಿನಿಂದ ಸೈಕಲ್ಲಿನ ಹತ್ತಿರ ಹೋದರೆ ಸಾಕು, ನನ್ನ ಅಂಗೈ ಬೆವರುತ್ತದೆ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯನ್ನು ಮೂರನೆಯ ಸಲಕ್ಕೆ ಪಾಸಾದ ಮೇಲೆ ಅಪ್ಪ ನನ್ನನ್ನು ಶಿಗ್ಗಾವಿಯ ಸಾವಕಾರರ ಹತ್ತಿರ ಕರೆದುಕೊಂಡು ಹೋದರು. ಸಾವಕಾರರು ಜವಳಿ ಬಿಟ್ಟು ಆಗಷ್ಟೇ ಸೈಕಲ್ ವ್ಯಾಪಾರಕ್ಕೆ ಇಳಿದಿದ್ದರು. ವಿಲಾಯತಿ ಸೈಕಲ್ಲುಗಳು ಮುಂಬಯಿಯಿಂದ ರೈಲಿನಲ್ಲಿ ಹಾವೇರಿಗೆ ಬರುತ್ತಿದ್ದವು. ಅಲ್ಲಿಂದ ಚಕ್ಕಡಿಯಲ್ಲಿ ತಂದು, ಹುಬ್ಬಳ್ಳಿಯ ಮಿಸ್ತ್ರಿಯನ್ನು ಕರೆಸಿ ಜೋಡಿಸಿ ನಿಲ್ಲಿಸುತ್ತಿದ್ದರು. ಅಪ್ಪ ಪುರಾಣ ಹೇಳುವವರು, ಆದ್ದರಿಂದ ಸಾವಕಾರರು ಹುಡುಗನಾದ ನನ್ನನ್ನೂ ಮರ್ಯಾದೆಯಿಂದಲೇ ಮಾತಾಡಿಸಿದರು.

"ಶಾಸ್ತ್ರಿಗೋಳ, ಒಂದ ಮಾತು ಕೇಳ್ತೇನಿ. ಸೈಕಲ್ ಹೊಡ್ಯಾಕ ಬರತೈತೇನ್ರಿ?"

ಸೈಕಲ್ಲಿನ ಹೆದರಿಕೆ ಎದುರಿಗಿತ್ತು, ಅಪ್ಪನ ಹೆದರಿಕೆ ಪಕ್ಕದಲ್ಲೇ ಕೊಡೆ ಹಿಡಿದು ನಿಂತಿತ್ತು. "ಬರ್ತದರಿ" ಎಂದುಬಿಟ್ಟೆ. ಇನ್ನು ಹೊಡೆದು ತೋರಿಸು ಅನ್ನುತ್ತಾರೆ, ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದೆ.

"ತೋರಸೂದೇನ ಬ್ಯಾಡ್ರಿ" ಅಂದರು ಸಾವಕಾರರು, ನಾನು ಕಣ್ಣು ತೆರೆಯುವ ಮೊದಲೇ. "ಬರತೈತಿ ಅಂದ್ರಿ, ಬರತೈತಿ. ನಾಳಿಂದ ಬರ್ರಿ."

ಇಷ್ಟು ನಂಬುವ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲ ಎಂದು ಆ ದಿನ ನನಗೆ ಊಟ ಸೇರಲಿಲ್ಲ. ಮರುದಿನ ಸೇರಿತು, ಅಷ್ಟರಲ್ಲಿ ನೌಕರಿಗೆ ಹಾಜರಾಗಿದ್ದೆ.

೨. ಎಂಜಲು

ಮೊದಲ ತಿಂಗಳು ಗಿರಾಕಿಗಳು ಬರೀ ನೋಡಲು ಬರುತ್ತಿದ್ದರು. ಸೈಕಲ್ಲನ್ನು ಮುಟ್ಟಿ, ಬೆಲ್ಲು ಬಾರಿಸಿ, ನಗುತ್ತ ಹೋಗುತ್ತಿದ್ದರು. ನನಗೂ ಅದೇ ಬೇಕಾಗಿತ್ತು. ಆದರೆ ಒಂದು ದಿನ ಹಾನಗಲ್ಲಿನ ಕಡೆಯ ಗೌಡರೊಬ್ಬರು ಬಂದವರೇ ಚೌಕಾಶಿ ಕೂಡ ಮಾಡದೆ ಒಂದು ಸೈಕಲ್ ಕೊಂಡುಬಿಟ್ಟರು. ತಾವು ಚಕ್ಕಡಿ ಏರಿ ಕುಳಿತು ನನಗೆ ಹೇಳಿದರು:

"ನೀವ ಹತ್ತಿ ಮನಿ ಮುಟ್ಟಿಸಿ ಬರ್ರಿ ಶಾಸ್ತ್ರಿಗೋಳ. ನಮ್ಮೂರ ಮಂದಿನೂ ನೋಡ್ಲಿ."

ಸಾವಕಾರರು ಹಣದ ಗಲ್ಲೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿದ್ದರು. ಆ ಕ್ಷಣ ಬಾಯಿಗೆ ಏನು ಬಂತೋ ಅದನ್ನು ಹೇಳಿದೆ:

"ಗೌಡ್ರ, ಹಂಗ ಮಾಡಬಾರದರಿ. ಹೊಸಾ ಸೈಕಲ್ ಅದ. ಕೊಂಡಾವ್ರು ಹತ್ತೂಕಿಂತ ಮೊದಲ ಬ್ಯಾರೆಯವ್ರು ಹತ್ತಿದ್ರ ಎಂಜಲಾಗ್ತದ. ಮನಿತನಕ ಕೈಲೆ ಹಿಡಕೊಂಡ ಹೋಗಬೇಕು, ಪೂಜಾ ಆಗಬೇಕು, ಆಮ್ಯಾಲೆ ಮಾಲಕರು ಹತ್ತಬೇಕು."

ಗೌಡರು ಚಕ್ಕಡಿಯಿಂದ ಕೆಳಗಿಳಿದು ನನಗೆ ಕೈಮುಗಿದರು. "ನೀವು ಇದ್ದದ್ದಕ್ಕ ಛಲೋ ಆತ್ರಿ. ನಮಗೇನ ತಿಳೀತೈತಿ ಇದೆಲ್ಲ!"

ಹೀಗೆ ಬಂಕಾಪುರದ ಮೇಲೆ ಹಾಯ್ದು ಒಂದಿಡೀ ಹಗಲು ಆ ಸೈಕಲ್ಲನ್ನು ತಳ್ಳಿಕೊಂಡು ನಡೆದೆ. ಹೊಲದಲ್ಲಿದ್ದವರೆಲ್ಲ "ಯಾಕ್ರೀ, ಗಾಲಿ ತಿರಗೂದಿಲ್ಲೇನು?" ಎಂದು ಕೇಳುವವರೇ. ಗೌಡರ ಮನೆಯಲ್ಲಿ ಅವರ ತಾಯಿ ಗಾಲಿಗೆ ನೀರು ಹಾಕಿ, ಕುಂಕುಮ ಹಚ್ಚಿ, ನಿಂಬೆಹಣ್ಣು ನಿವಾಳಿಸಿ, ಸೀಟಿಗೆ ಹೂವಿನ ದಂಡೆ ಕಟ್ಟಿದರು. "ಹತ್ತಪಾ ಇನ್ನ" ಎಂದು ಮಗನಿಗೆ ಹೇಳಿದರು. ಗೌಡರ ಮುಖ ನೋಡಿದೆ. ಆ ಬಣ್ಣವನ್ನು ನಾನು ಚೆನ್ನಾಗಿ ಬಲ್ಲೆ, ದಿನಾ ಬೆಳಿಗ್ಗೆ ನನ್ನ ಕನ್ನಡಿಯಲ್ಲಿ ನೋಡುತ್ತಿದ್ದೆ. "ಇವತ್ತ ವಾರ ಛಲೋ ಇಲ್ಲಬೇ ಅವ್ವ" ಎಂದು ಗೌಡರು ಸೈಕಲ್ಲನ್ನು ಪಡಸಾಲೆಯ ತೊಲೆಗೆ ತೂಗುಹಾಕಿಸಿದರು. ನಾಲ್ಕು ವರ್ಷದ ಮೇಲೆ ಹೋದಾಗಲೂ ಅದು ಅಲ್ಲೇ ಇತ್ತು. ನಾನು ಮಾರಿದ ಸೈಕಲ್ಲುಗಳಲ್ಲಿ ಎಂಜಲಾಗದೆ ಉಳಿದದ್ದು ಅದೊಂದೇ.

೩. ಸಮುದ್ರ

ಸುಳ್ಳಿಗೆ ಇಷ್ಟು ಬೇಗ ಕಾಲು ಬರುತ್ತವೆಂದು ನನಗೆ ಗೊತ್ತಿರಲಿಲ್ಲ. ವರ್ಷ ತುಂಬುವುದರೊಳಗೆ ಸುತ್ತಿನ ಊರುಗಳಲ್ಲಿ ಯಾರೂ ಬೇರೆಯವರು ಹತ್ತಿದ ಹೊಸ ಸೈಕಲ್ಲನ್ನು ಮನೆಯೊಳಗೆ ಬಿಟ್ಟುಕೊಳ್ಳದಂತಾಯಿತು. ಸವಣೂರಿನಲ್ಲಿ ಹೊಸ ಅಂಗಡಿ ಹಾಕಿದ್ದವನೊಬ್ಬನಿಗೆ ಇದು ಕುತ್ತಿಗೆಗೆ ಬಂತು. ಅವನು ಒಳ್ಳೆಯ ಸವಾರ. ಗಿರಾಕಿ ಬಂದರೆ ಸೈಕಲ್ ಹತ್ತಿ, ಎರಡೂ ಕೈ ಬಿಟ್ಟು ಪೇಟೆ ಸುತ್ತಿ ತೋರಿಸುತ್ತಿದ್ದ. ಗಿರಾಕಿಗಳು ಚಪ್ಪಾಳೆ ಹೊಡೆದು ನಮ್ಮ ಅಂಗಡಿಗೆ ಬರುತ್ತಿದ್ದರು.

ಒಂದು ದಿನ ಅವನೇ ಸಿಟ್ಟಿನಿಂದ ಬಂದು ನನ್ನ ಮುಂದೆ ನಿಂತ.

"ಯಾವ ಶಾಸ್ತ್ರದಾಗ ಬರದೈತ್ರಿ ಇದು? ತೋರಸ್ರಿ ನೋಡೂಣು!"

ನಾನು ಪೆಟ್ಟಿಗೆಗಳ ಹಿಂದೆ ಸರಿದೆ. ಉತ್ತರ ಕೊಟ್ಟವರು ಸಾವಕಾರರು. "ನಮ್ಮ ಶಾಸ್ತ್ರಿಗೋಳು ಒಂಬತ್ತು ವರ್ಷ ಓದ್ಯಾರ. ನೀವೆಷ್ಟು ಓದೀರಿ?" ನಾನು ಮುಲ್ಕಿಯಲ್ಲಿ ಎರಡು ಸಲ ಫೇಲಾಗಿ ಕೂತದ್ದನ್ನೂ ಅವರು ಓದಿಗೇ ಸೇರಿಸಿದ್ದರು. ಸವಣೂರಿನವನು ತಲೆ ಕೆಡಿಸಿಕೊಂಡು ಹೋದ. ಮರುವಾರ ಅವನ ಅಂಗಡಿಯ ಮೇಲೆ ಬೋರ್ಡು ಬಿತ್ತು: "ಇಲ್ಲಿ ಯಾರೂ ಹತ್ತದ ಸೈಕಲ್ ಸಿಗುತ್ತವೆ."

ನಾನು ಉಸಿರು ಬಿಡುವಷ್ಟರಲ್ಲಿ ಚಿಕ್ಕೇರೂರಿನ ಅಜ್ಜಿಯೊಬ್ಬಳು ಮೊಮ್ಮಗನಿಗೆ ಸೈಕಲ್ ಕೊಡಿಸಲು ಬಂದಳು. ಸೀಟನ್ನು ಮೂಸಿ ನೋಡಿ ಕೇಳಿದಳು: "ಅಲ್ಲೋ ತಮ್ಮಾ, ವಿಲಾಯತ್ಯಾಗ ಇದನ್ನ ಮಾಡಿದಾವ ಒಮ್ಮೆರೆ ಹತ್ತಿ ನೋಡಿರಬೇಕಲ್ಲ?"

ಇವಳೊಬ್ಬಳು ಬಾಯಿ ಮಾಡಿದರೆ ಅಂಗಡಿಯ ಮಾಲೆಲ್ಲ ಎಂಜಲಾಗುತ್ತದೆ, ಸಾವಕಾರರು ನನ್ನನ್ನು ಸುಮ್ಮನೆ ಬಿಡುವುದಿಲ್ಲ. "ಅಜ್ಜೀ" ಅಂದೆ, "ಹತ್ತಿರಬಹುದು. ಆದ್ರ ಇದು ಏಳು ಸಮುದ್ರ ದಾಟಿ ಬಂದದ. ಅಷ್ಟ ನೀರಿನ ಮ್ಯಾಲೆ ಬಂದ್ರ ತೊಳದಂಗ ಅಲ್ಲೇನು?"

ಅಜ್ಜಿ ಸೀಟನ್ನು ಮತ್ತೊಮ್ಮೆ ಮೂಸಿದಳು. "ಖರೇ. ನಾವು ಎಂಜಲಾದ ಚರಗೀನ ಒಂದ ತಂಬಿಗಿ ನೀರಾಗ ತೊಳದು ದೇವರ ಮುಂದ ಇಡ್ತೀವಿ" ಎಂದು ಸೈಕಲ್ ಒಯ್ದಳು.

೪. ಖರೇ ಪರೀಕ್ಷೆ

ಯುದ್ಧ ಬಂತು. ವಿಲಾಯತಿಯಿಂದ ಪೆಟ್ಟಿಗೆ ಬರುವುದು ನಿಂತಿತು. ಟಾಯರಿಗಾಗಿ ಜನ ಬಾಗಿಲಲ್ಲಿ ಕಾಯುವಂತಾಯಿತು. ಇದ್ದಿಲಿನ ಹೊಗೆಯಿಂದ ಓಡುವ ಮೋಟಾರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದ್ದರಿಂದ ಎಲ್ಲರಿಗೂ ಸೈಕಲ್ ಬೇಕು, ಹೊಸದು ಒಂದೂ ಇಲ್ಲ. ನಮ್ಮ ಅಂಗಡಿ ತಾಸಿನ ಬಾಡಿಗೆಗೆ ಇಳಿಯಿತು, ಹಳೆಯ ಸೈಕಲ್ ಕೊಂಡು ಬಣ್ಣ ಬಳಿದು ಮಾರತೊಡಗಿತು. ಈಗ ಎಲ್ಲವೂ ಎಂಜಲೇ. ಇಷ್ಟು ವರ್ಷ ನನ್ನನ್ನು ಕಾಪಾಡಿದ ಶಾಸ್ತ್ರ ಕೈಬಿಟ್ಟಿತು.

ಹಿರೇಕೆರೂರಿನ ಅರಳೆ ದಲಾಲರೊಬ್ಬರು ಹಳೆಯದೊಂದನ್ನು ಆರಿಸಿದರು. "ನೀವ ಒಂದ ಸುತ್ತು ಹೊಡದು ತೋರಸ್ರಿ. ಹಾದ್ಯಾಗ ಮುರದ್ರ ಹಲ್ಲು ನಂದು ಹೋಗ್ತಾವ."

ನಾನು ಸೈಕಲ್ಲಿನ ಹ್ಯಾಂಡಲ್ ಹಿಡಿದೆ. ಅದನ್ನು ದಲಾಲರ ಕಡೆಗೇ ತಿರುಗಿಸಿದೆ. "ಮಾರಾವ ಹೊಡದು ತೋರಸೂದು ಖರೇ ಪರೀಕ್ಷಾ ಅಲ್ರಿ" ಅಂದೆ. "ಎಲ್ಲೆ ಮುರದದ ಅನ್ನೂದು ಅವಂಗ ಗೊತ್ತಿರ್ತದ, ಆ ಕಡೆ ಭಾರ ಹಾಕೂದಿಲ್ಲ. ನಿಮ್ಮ ಕಡಿಯಾವ್ರನ್ನ ಹತ್ತಸ್ರಿ."

ದಲಾಲರ ಜೊತೆಗೆ ಅವರ ಹೆಂಡತಿಯ ತಮ್ಮ ಬಂದಿದ್ದ. ನಾಲ್ಕು ದಿನ ಇದ್ದು ಹೋಗುತ್ತೇನೆಂದು ಬಂದು ಎರಡು ವರ್ಷದಿಂದ ಅಕ್ಕನ ಮನೆಯಲ್ಲೇ ಇದ್ದವನು. ಅವನು ಹತ್ತಿದ. ಹುಬ್ಬಳ್ಳಿಯ ರಸ್ತೆ ಹಿಡಿದು ಹೋದ. ಸಂಜೆಯಾದರೂ ಬರಲಿಲ್ಲ. ದಲಾಲರು ಹಣ ಎಣಿಸಿಕೊಟ್ಟು ಊರಿಗೆ ಹೋದರು. ತಿರುಗಿ ಬಂದು ಜಗಳ ತೆಗೆಯುತ್ತಾರೆಂದು ನಾನು ಎಂಟು ದಿನ ಹೆದರಿದೆ.

ಒಂಬತ್ತನೆಯ ದಿನ ಅವರು ಬಂದೇ ಬಂದರು. ನಾನು ಗಲ್ಲೆಯನ್ನು ನಡುವೆ ಬಿಟ್ಟುಕೊಂಡು ನಿಂತೆ. "ಅವ್ರು ಬರಲಿಲ್ಲೇನ್ರಿ?"

"ಇಲ್ರಿ. ಹುಬ್ಬಳ್ಳ್ಯಾಗ ಗಿರಣಿ ನೌಕರಿ ಹಿಡದಾನಂತ." ದಲಾಲರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಅಂಥಾದ್ದ ಇನ್ನೊಂದ ಸೈಕಲ್ ಐತೇನ್ರಿ? ಮನ್ಯಾಗ ಇನ್ನೂ ಇಬ್ಬರು ಅದಾರ."

೫. ಇಳಿಯುವುದು

ಯುದ್ಧ ಮುಗಿದು ಹೊಸ ಸೈಕಲ್ ಮತ್ತೆ ಬರತೊಡಗಿದವು. ಈಗ ವ್ಯಾಪಾರದ ರೀತಿಯೇ ಬೇರೆ. ಶಿಗ್ಗಾವಿಯಲ್ಲೇ ಇನ್ನೆರಡು ಅಂಗಡಿ ಎದ್ದಿದ್ದವು, ಗೋಡೆಗಳ ಮೇಲೆ ಜಾಹೀರಾತು ಬಂದಿದ್ದವು. ಒಂದು ಬೆಳಿಗ್ಗೆ ಸಾವಕಾರರು ನನ್ನನ್ನು ಒಳಗೆ ಕರೆದು ಬಾಗಿಲು ಹಾಕಿದರು. ಅವರ ಮುಖ ಬಿಳಿಚಿತ್ತು. ನನಗೆ ಎಲ್ಲ ತಿಳಿದುಹೋಯಿತು. ಯಾರೋ ಹೇಳಿದ್ದಾರೆ. ಹೆಂಡತಿ, ಮೂರು ಮಕ್ಕಳು, ಮನೆಯಲ್ಲಿ ತಾಯಿ, ಎಲ್ಲರೂ ಒಮ್ಮೆಲೇ ಕಣ್ಣ ಮುಂದೆ ಬಂದರು.

"ಶಾಸ್ತ್ರಿಗೋಳ" ಅಂದರು ಸಾವಕಾರರು, "ನಿಮ್ಮ ಹಂತ್ಯಾಕ ಒಂದ ಮಾತು ಮುಚ್ಚಿಟ್ಟೇನಿ. ನನಗ ಸೈಕಲ್ ಹೊಡ್ಯಾಕ ಬರೂದಿಲ್ಲ."

ಬಾಗಿಲ ಅಗಳಿ ಸರಿಯಾಗಿ ಬಿದ್ದಿದೆಯೇ ಎಂದು ನಾನು ನೋಡಿ ಬಂದೆ. ಸಾವಕಾರರೇ ಮುಂದುವರಿಸಿದರು:

"ಸೈಕಲ್ ಕಂಪನಿಯವ್ರ ಕಾಗದ ಬಂದೈತಿ. ಹತ್ತು ದಿನಕ್ಕ ಅವರ ಮನಿಶಾ ಬರ್ತಾನ. ನಾನೂ ಅವನೂ ಸೈಕಲ್ ಮ್ಯಾಲೆ ಪ್ಯಾಟಿ ಸುತ್ತಬೇಕಂತ. ನೀವ ನನಗ ಕಲಸಬೇಕು. ನನ್ನ ಮಾನ ನಿಮ್ಮ ಕೈಯಾಗ ಐತಿ."

ಆಗಲೇ ಸತ್ಯ ಹೇಳಬಹುದಿತ್ತು. ಆದರೆ ಅವರು ನನ್ನ ಎರಡೂ ಕೈ ಹಿಡಿದುಕೊಂಡಿದ್ದರು, ಅವರ ಕೈ ನನ್ನವುಗಳಿಗಿಂತ ಹೆಚ್ಚು ಬೆವರಿದ್ದವು. "ಆಗ್ಲಿರಿ" ಅಂದೆ.

ಯಾರೂ ನೋಡಬಾರದೆಂದು ದಿನಾ ಬೆಳಿಗ್ಗೆ ಸೈಕಲ್ಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಬಂಕಾಪುರದ ಕೋಟೆಯೊಳಗಿನ ಬಯಲಿಗೆ ಹೋಗುತ್ತಿದ್ದೆವು. ನವಿಲುಗಳ ಹೊರತು ಅಲ್ಲಿ ಯಾರೂ ಇರುತ್ತಿರಲಿಲ್ಲ. ಹದಿನೈದು ವರ್ಷ ಅಂಗಡಿಯ ಮುಂದೆ ಜನ ಒಬ್ಬರಿಗೊಬ್ಬರು ಕಲಿಸುವಾಗ ಕೂಗಿದ್ದೆಲ್ಲ ನನಗೆ ಬಾಯಿಪಾಠವಾಗಿತ್ತು. ಸೀಟು ಹಿಡಿದು ಹಿಂದೆ ಓಡುತ್ತ ಅದನ್ನೇ ಕೂಗಿದೆ: "ಮುಂದ ನೋಡ್ರಿ! ಗಾಲಿ ನೋಡಬ್ಯಾಡ್ರಿ! ತುಳೀರಿ, ತುಳೀರಿ!" ಸಾವಕಾರರು ದಪ್ಪ ಆಳು. ಸೈಕಲ್ಲು ವಾಲಿದಾಗಲೆಲ್ಲ ಅವರೂ ಕಿರುಚುತ್ತಿದ್ದರು, ನಾನೂ ಕಿರುಚುತ್ತಿದ್ದೆ. ನನ್ನ ಕೈ ಸೋತಾಗ ತಡೆದು ನಿಲ್ಲಿಸಿ ಅವರನ್ನು ಇಳಿಸಿಕೊಳ್ಳುತ್ತಿದ್ದೆ.

ಎಂಟನೆಯ ದಿನ ಓಡಿ ಓಡಿ ಉಸಿರು ಹತ್ತಿ ನಾನು ಕೈ ಬಿಟ್ಟೆ. ಸೈಕಲ್ಲು ಬೀಳಲಿಲ್ಲ! ಸಾವಕಾರರು ಒಬ್ಬರೇ ಬಯಲು ಸುತ್ತಿ ನನ್ನ ಮುಂದೆ ಹಾಯ್ದರು. "ಬಂತ್ರಿ ಶಾಸ್ತ್ರಿಗೋಳ, ಬಂತು!" ಎಂದು ಕೂಗಿದರು. ನನ್ನ ಕಣ್ಣಲ್ಲಿ ನೀರು ಬಂತು. ಎರಡನೆಯ ಸುತ್ತಿಗೆ ನಗುತ್ತ ಹಾಯ್ದರು. ಮೂರನೆಯ ಸುತ್ತಿಗೆ ಅವರ ಮುಖದಲ್ಲಿ ನಗು ಇರಲಿಲ್ಲ.

"ಇಳಿಯೂದು ಹೆಂಗ್ರಿ?"

ಜನ ಕೂಗುವುದನ್ನು ನೆನಪಿಸಿಕೊಂಡೆ. ಹತ್ತುವವರಿಗೆ ಎಲ್ಲರೂ ಕೂಗುತ್ತಾರೆ, ಇಳಿಯುವವರಿಗೆ ಯಾರೂ ಏನೂ ಕೂಗಿದ್ದನ್ನು ನಾನು ಕೇಳಿರಲೇ ಇಲ್ಲ. "ತುಳೀರಿ!" ಅಂದೆ.

ನಾಲ್ಕನೆಯ ಸುತ್ತು. "ಶಾಸ್ತ್ರಿಗೋಳ, ಕಾಲು ಸೋತಾವು! ಬ್ರೇಕ್ ಹಿಡೀಲೇನು?"

"ಬ್ಯಾಡ್ರೀ!" ಎಂದು ಚೀರಿದೆ.

ಐದನೆಯ ಸುತ್ತಿನಲ್ಲಿ ಸೈಕಲ್ಲು ಕೋಟೆಯ ಕಂದಕದ ಕಡೆಗೆ ವಾಲುತ್ತಿತ್ತು. ನವಿಲುಗಳು ಕೂಗಿಕೊಂಡು ಹಾರಿದವು. ಬಾಯಿ ಬಿಟ್ಟರೆ ನೌಕರಿ ಹೋಗುತ್ತದೆ, ಬಿಡದಿದ್ದರೆ ಸಾವಕಾರರೇ ಹೋಗುತ್ತಾರೆ. ಅಷ್ಟು ಹೆದರಿಕೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

"ಹೇಳ್ರೆಪಾ! ಇಳಿಯೂದು ಹೆಂಗ?"

"ನನಗ ಗೊತ್ತಿಲ್ರಿ ಸಾವಕಾರ್ರ! ನಾ ಒಮ್ಮಿನೂ ಹತ್ತೇ ಇಲ್ಲ!"

ಆ ಮಾತಿಗೆ ಸಾವಕಾರರ ಕಾಲು ತುಳಿಯುವುದನ್ನೇ ಮರೆತವು. ಕುತ್ತಿಗೆ ನನ್ನ ಕಡೆ ತಿರುಗಿತು, ಸೈಕಲ್ಲೂ ತಿರುಗಿತು, ಯಾರೋ ಒಟ್ಟಿದ್ದ ಹುಲ್ಲಿನ ಬಣವೆಯಲ್ಲಿ ಸಾವಕಾರರ ಸಮೇತ ಮುಳುಗಿತು. ಓಡಿ ಹೋದೆ. ಹುಲ್ಲಿನೊಳಗಿಂದ ಮೊದಲು ರುಮಾಲು ಬಂತು, ಆಮೇಲೆ ಸಾವಕಾರರು ಬಂದರು. ಮೂಳೆ ಮುರಿದಿರಲಿಲ್ಲ.

"ಹದಿನೈದು ವರ್ಷ" ಅಂದರು.

"ಹೌದ್ರಿ." ನಾನು ತಲೆ ತಗ್ಗಿಸಿದೆ. "ನೌಕರಿಯಿಂದ ತೆಗೀತೀರೇನ್ರಿ?"

ಸಾವಕಾರರು ಮೀಸೆಯೊಳಗಿನ ಹುಲ್ಲು ಕಿತ್ತರು. "ತಗದು ಏನ ಮಾಡ್ಲಿ? ನೀವೂ ಹೆದರಿದ್ರಿ, ನಾನೂ ಹೆದರೀನಿ. ಸೈಕಲ್ ಮ್ಯಾಲಕ್ಕ ಎತ್ರಿ." ಸೈಕಲ್ಲನ್ನು ನನ್ನ ಮುಂದೆ ನಿಲ್ಲಿಸಿ, ಸೀಟು ಹಿಡಿದು, ಪ್ರೀತಿಯಿಂದ ಹೇಳಿದರು: "ಈಗ ನೀವ ಹತ್ರಿ. ನಾ ಹಿಂದ ಹಿಡೀತೇನಿ."

ಸೈಕಲ್ಲನ್ನು ನೋಡಿದೆ, ಬಯಲನ್ನು ನೋಡಿದೆ, ಕಂದಕವನ್ನು ನೋಡಿದೆ. ಆಮೇಲೆ ಸಾವಕಾರರ ಎರಡೂ ಕಾಲು ಹಿಡಿದುಕೊಂಡೆ.

"ಸಾವಕಾರ್ರ, ಅದರಕಿಂತ ನನ್ನ ನೌಕರಿಯಿಂದನ ತಗದಬಿಡ್ರಿ."