ಹೊಂಗೆ ಮರದ ರಕ್ಷಣೆ ಹಾಗೂ ನನ್ನ ಓದುವ ಕೋಣೆಯ ತೆರವು ಕುರಿತು

ಮಾನ್ಯ ಓದುಗರೇ,

ಇದು ನನ್ನ ಮೊಟ್ಟಮೊದಲ ಬರಹವಾಗಿದ್ದು, ಕಾಗುಣಿತದ ದೋಷಗಳನ್ನೂ ಕಾಗೆ ಕಾಲು ಗುಬ್ಬಿ ಕಾಲಿನಂತಹ ಅಕ್ಷರಗಳನ್ನೂ ಮನ್ನಿಸಬೇಕೆಂದು ಆರಂಭದಲ್ಲಿಯೇ ಕೈಮುಗಿದು ಕೋರುತ್ತೇನೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಪದ್ಮನಾಭನಗರದ ನಮ್ಮ ಮನೆಯ ಕಾಂಪೌಂಡಿನಾಚೆ, ಪಕ್ಕದ ಮನೆಯ ನಂಜುಂಡಪ್ಪನವರ ಜಾಗದಲ್ಲಿ ಒಂದು ಹೊಂಗೆ ಮರವಿದೆ. ಅದು ಹೂ ಉದುರಿಸುವ ದಿನಗಳಲ್ಲಿ ನನ್ನ ಓದುವ ಕೋಣೆಯ ಕಿಟಕಿಯ ಬಳಿ ಕುಳಿತರೆ ಬೆಂಗಳೂರು ಎಲ್ಲೋ ದೂರದ ಊರೆನಿಸುತ್ತದೆ. ಪುಸ್ತಕ ತೆರೆದಿರುತ್ತದೆ, ಕಣ್ಣು ಮುಚ್ಚಿರುತ್ತದೆ.

ಹೀಗಿರುವಲ್ಲಿ, ನಂಜುಂಡಪ್ಪನವರು ಸದರಿ ಮರವನ್ನು ಕಡಿದು, ಅಲ್ಲಿ ಕಾಂಡಿಮೆಂಟ್ಸ್ ಅಂಗಡಿ ಕಟ್ಟಿ ಬಾಡಿಗೆಗೆ ಕೊಡುವುದಾಗಿ ತಿಳಿಸಿದರು. ಆದರೆ ಕಾನೂನು ನನ್ನ ಕಡೆಗಿತ್ತು. ಗಾಳಿ ಬೆಳಕಿಗೂ ಮಳೆನೀರು ಇಂಗುವುದಕ್ಕೂ ಮನೆಯ ಸುತ್ತ ಇಂತಿಷ್ಟು ಜಾಗವನ್ನು ಖಾಲಿ ಬಿಡತಕ್ಕದ್ದೆಂಬ ನಿಯಮವಿದೆ. ಅದನ್ನು ಸೆಟ್‌ಬ್ಯಾಕ್ ಎನ್ನುತ್ತಾರೆ. ಕೂಡಲೇ ಪಾಲಿಕೆಗೆ ದೂರು ಸಲ್ಲಿಸಿದೆ.

"ರೀ, ಅವರ್ ಮನೆ ವಿಷ್ಯ ನಮಗ್ಯಾಕೆ? ಸುಮ್ನಿರಿ," ಎಂದಳು ನನ್ನ ಹೆಂಡತಿ ಸರಳಾ.

ನಾನು ಆಗಲೇ ಕನಸಿನಲ್ಲಿದ್ದೆ. ರಸ್ತೆಯ ಪ್ರತಿ ಮನೆಯ ಪಕ್ಕದಲ್ಲೂ ಒಂದೊಂದು ಮರ, ಮರದ ತುಂಬ ಚಿಟ್ಟೆಗಳು, ಬತ್ತಿದ ಬೋರ್‌ವೆಲ್‌ಗಳಲ್ಲಿ ಉಕ್ಕುವ ನೀರು. ಇವೆಲ್ಲದರ ನಡುವೆ ಶಾಲು ಹೊದ್ದು ನಿಂತ ನಾನು!

ಪರಿಶೀಲನೆಗೆ ಇಂಜಿನಿಯರ್ ಮೇಡಂ ಬಂದರು. ನಂಜುಂಡಪ್ಪನವರ ಜಾಗವನ್ನು ಅಳೆದು, "ಇಲ್ಲಿ ಕಟ್ಟೋ ಹಾಗಿಲ್ಲ ಸಾರ್. ಮರ ಮುಟ್ಬೇಡಿ," ಎಂದರು.

ಗೆದ್ದಿದ್ದೆ. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು!

"ಎಲ್ಲಾರೂ ಇಷ್ಟ್ ಜಾಗ ಬಿಟ್ಟಿದಾರಾ ಮೇಡಂ?" ಎಂದು ನಂಜುಂಡಪ್ಪನವರು ಗೊಣಗಿದರು.

"ಮಾದರಿಗೆ ನಮ್ಮ ಮನೇನೇ ಅಳೀರಿ ಮೇಡಂ!" ಎಂದು ನಾನೇ ಟೇಪಿನ ತುದಿ ಹಿಡಿದು ಓಡಿದೆ. ಓಡಲು ಹೆಚ್ಚು ಜಾಗವಿರಲಿಲ್ಲ. ಕಾಂಪೌಂಡಿಗೆ ಅಂಟಿಕೊಂಡೇ ಗೋಡೆಯೊಂದು ಎದುರಾಯಿತು.

"ಇದೇನ್ ಸಾರ್?"

"ಇದು ಕಟ್ಟಡ ಅಲ್ಲ ಮೇಡಂ, ನನ್ನ ಓದೋ ಕೋಣೆ! ಮೇಲೆ ಬರೀ ಶೀಟು!"

"ಪ್ಲಾನ್‌ನಲ್ಲಿ ಇದ್ಯಾ?"

ನನ್ನ ಚಿಟ್ಟೆಗಳೆಲ್ಲ ಒಟ್ಟಿಗೇ ಹಾರಿಹೋದವು.

"ಮರ ಉಳೀತಲ್ಲ ಸಾರ್, ಖುಷಿ ಪಡಿ," ಎಂದು ನಂಜುಂಡಪ್ಪನವರು ಸಮಾಧಾನ ಹೇಳಿದರು. "ಒಡೆಯೋಕೆ ಜನ ಬೇಕಾ? ನಮ್ ಅಂಗಡಿಗೆ ಅಂತ ಕರೆಸಿದ್ದ ಮೇಸ್ತ್ರಿ ಖಾಲಿ ಕೂತಿದಾನೆ."

ಅದೇ ಮೇಸ್ತ್ರಿ ಬಂದ. ಪ್ರಸ್ತುತ ಸದರಿ ಜಾಗದಲ್ಲಿ ಮಣ್ಣು ಮಾತ್ರವಿದೆ. ಮಳೆ ಸದ್ದಿಲ್ಲದೆ ಇಂಗುತ್ತದೆ. ಅಲ್ಲಿ ಕುರ್ಚಿ ಹಾಕಿಕೊಂಡು ಕುಳಿತರೆ ಹೊಂಗೆ ಹೂ ನೇರವಾಗಿ ನನ್ನ ಬೋಳು ತಲೆಯ ಮೇಲೆಯೇ ಬೀಳುತ್ತದೆ.

"ಈಗ ನಿಜವಾಗ್ಲೂ ಮಾದರಿ ಮನೆ ಕಣ್ರೀ," ಎನ್ನುತ್ತಾಳೆ ಸರಳಾ.

ಈ ಬರಹದಲ್ಲಿ ತಪ್ಪುಗಳೇನಾದರೂ ಕಂಡುಬಂದಲ್ಲಿ ಓದುಗರು ದಯವಿಟ್ಟು ತಿದ್ದಿಕೊಳ್ಳಬೇಕಾಗಿ ವಿನಂತಿ. ಮನೆಯಲ್ಲಿದ್ದ ತಪ್ಪನ್ನು ಮೇಸ್ತ್ರಿಯು ಈಗಾಗಲೇ ತಿದ್ದಿರುತ್ತಾನೆ.